ಹಾನೊರಾ ಅತ್ತಿಗೆ ಕೊಡದ ಕೂಸು

ಹೋಬಾರ್ಟ್
೯ ಮಾರ್ಚ್ ೧೮೫೫

ಪ್ರೀತಿಯ ಹಾನೊರಾ ಅತ್ತಿಗೆ,

ಕ್ಷೇಮ ಸಮಾಚಾರ ಆಮೇಲೆ. ಡೀಲಿಯಾ ಬಂದು ತಲುಪಿದಳು. ಕೈಕಾಲು ಗಟ್ಟಿಯಾಗಿದ್ದಾಳೆ, ನಾಲಿಗೆ ಇನ್ನೂ ಗಟ್ಟಿಯಾಗಿದೆ.

ಐರ್ಲೆಂಡಿನ ಹಡಗು ಒಂದು ತಿಂಗಳು ತಡವಾಗಿ ಬಂತು. ಆ ತಿಂಗಳು ನಾನು ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಸುಟ್ಟವೇ ಹೆಚ್ಚು. ಹಡಗುಕಟ್ಟೆಯಲ್ಲಿ ಇಳಿದ ಹುಡುಗಿಯರಲ್ಲಿ ನನ್ನವಳನ್ನು ಗುರುತಿಸುವುದು ಹೇಗೆ? ನಾನು ಬಿಟ್ಟುಬಂದದ್ದು ನಾಲ್ಕು ವರ್ಷದ ಕೂಸನ್ನು. ಅಷ್ಟರಲ್ಲಿ ಒಬ್ಬಳು ನೆಟ್ಟಗೆ ಬಂದು ಎದುರು ನಿಂತಳು.

"ನೀವು ಸಬೈನಾ ಅಲ್ವಾ? ಅತ್ತೆ ಹೇಳಿದ್ರು, ಮುಖ ಹುಡುಕ್ಬೇಡ, ಮೂಗು ಹುಡುಕು, ಅವಳಿಗಿಂತ ಮುಂಚೆ ಅದೇ ಬರುತ್ತೆ ಅಂತ."

ಹದಿಮೂರು ವರ್ಷದ ಮೇಲೆ ಮಗಳ ಬಾಯಿಂದ ಕೇಳಿದ ಮೊದಲ ಮಾತು ನಿಮ್ಮ ಬೈಗುಳ! ನಕ್ಕೆ. ಆಮೇಲೆ ಅಲ್ಲೇ ಹಗ್ಗದ ಸುರುಳಿಯ ಮೇಲೆ ಕೂತುಬಿಟ್ಟೆ.

ನಾನು ಕುರಿ ಕದ್ದ ವಿಷಯ ಅವಳಿಗೆ ಗೊತ್ತಿದೆ. ಮನೆಗೆ ಬರುವ ದಾರಿಯಲ್ಲೇ ರುಚಿ ಹೇಗಿತ್ತು ಎಂದು ಕೇಳಿದಳು.

"ತಿನ್ನೋಕೆ ಎಲ್ಲಿ ಬಿಟ್ರು? ಚರ್ಮ ಸುಲಿಯೋವಾಗ್ಲೇ ಹಿಡಿದ್ರು."

"ಛೇ, ತಿಂದಾದ್ರೂ ಸಿಕ್ಕಿಬೀಳ್ಬಾರ್ದಿತ್ತಾ?"

ನಿಮ್ಮ ತಮ್ಮ ಜ್ವರದಲ್ಲಿ ತೀರಿಕೊಂಡ ಚಳಿಗಾಲ ಅದು. ಒಲೆಯ ಮೇಲೆ ಇಡಲು ಏನೂ ಇರಲಿಲ್ಲ. ಕುರಿ ಕದ್ದದ್ದಕ್ಕೆ ಹತ್ತು ವರ್ಷ ಕಡಲಾಚೆಗೆ ಗಡೀಪಾರು ಎಂದರು. ಚಿಕ್ಕ ಮಕ್ಕಳಿದ್ದರೆ ಜೊತೆಗೆ ಕರೆದೊಯ್ಯಬಹುದು ಎಂದೂ ಹೇಳಿದರು. ಎನಿಸ್ ಜೈಲಿನ ಬಾಗಿಲಲ್ಲಿ ನೀವು ಅವಳನ್ನು ಶಾಲಿನೊಳಗೆ ಅಡಗಿಸಿಕೊಂಡು ನಿಂತಿರಿ. "ಕದ್ದೋಳು ನೀನು, ಹಡಗು ಹತ್ತೋಳೂ ನೀನೇ. ಕೂಸೇನು ಮಾಡ್ತು? ನಾ ಕೊಡಲ್ಲ, ಹೋಗು" ಎಂದಿರಿ. ಕಾವಲುಗಾರರು ನನ್ನನ್ನು ಗಾಡಿಗೆ ಎಳೆಯುತ್ತಿದ್ದಾಗ ನಿಮ್ಮ ಮನೆ ಹಾಳಾಗಲಿ ಎಂದು ಕಿರುಚಿದ್ದೆ.

ಹಡಗಿನಲ್ಲಿ ದಡಾರ ಎದ್ದಿತು. ನನ್ನ ಪಕ್ಕದ ಹಲಗೆಯಲ್ಲಿ ಯೂನಾ ಎಂಬುವಳಿದ್ದಳು. ಅವಳ ಇಬ್ಬರು ಮಕ್ಕಳನ್ನೂ ಒಂದೇ ವಾರದಲ್ಲಿ ನೀರಿಗೆ ಬಿಟ್ಟರು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಗ ನಿಮ್ಮ ಶಾಲು ನೆನಪಾಯಿತು. ಅಂದಿಗೆ ಶಾಪ ಹಾಕುವುದು ನಿಂತಿತು.

ಊರಿನಲ್ಲಿ ಆಲೂಗಡ್ಡೆ ಕೊಳೆತು ಜನ ಸತ್ತ ಸುದ್ದಿ ಬಂದಾಗ ನೀವಿಬ್ಬರೂ ಉಳಿದಿಲ್ಲ ಎಂದೇ ಎಣಿಸಿದೆ. ಬರೆದರೆ ಉತ್ತರ ಬಾರದೆ ಹೋದೀತು ಎಂದು ಹೆದರಿ ವರ್ಷಗಟ್ಟಲೆ ಬರೆಯಲಿಲ್ಲ. ಕೊನೆಗೂ ಬರೆದರೆ ನಿಮ್ಮಿಂದ ಬಂದದ್ದು ಎರಡೇ ಸಾಲು, ಹುಡುಗಿಯನ್ನು ಹಡಗು ಹತ್ತಿಸುತ್ತಿದ್ದೇನೆ, ಚೆನ್ನಾಗಿ ನೋಡಿಕೋ ಎಂದು.

ನಿನ್ನೆ ಗಂಜಿ ಕುಡಿಯುತ್ತಾ ಡೀಲಿಯಾ ಇದ್ದಕ್ಕಿದ್ದಂತೆ ಅತ್ತಳು. ಅತ್ತೆ ಮಾಡಿದ ಹಾಗಿಲ್ಲವಂತೆ. ಅವಳು ನಿಮಗಾಗಿ ಅತ್ತರೆ ಹೊಟ್ಟೆ ಉರಿಯುತ್ತದೆ ಎಂದುಕೊಂಡಿದ್ದೆ. ಉರಿಯಲಿಲ್ಲ ಅತ್ತಿಗೆ. ಪ್ರೀತಿ ಕಾಣದೆ ಬೆಳೆದ ಮಕ್ಕಳು ಹಾಗೆ ಅಳುವುದಿಲ್ಲ. ಎದೆಯ ಮೇಲಿನ ಕಲ್ಲು ಇಳಿಯಿತು. ರಾತ್ರಿ ಬೆಳಗಿನ ತನಕ ನಿದ್ದೆ ಮಾಡಿದೆ.

ಅವಳು ನನ್ನನ್ನು ಇನ್ನೂ ಅಮ್ಮಾ ಅಂದಿಲ್ಲ. ಅನ್ನುವಾಗ ಅನ್ನಲಿ. ಗಂಜಿಗೆ ನೀವು ಏನು ಹಾಕುತ್ತೀರಿ, ಬರೆಯಿರಿ.

ನಿಮ್ಮ ತಮ್ಮನ ಹೆಂಡತಿ,
ಸಬೈನಾ

ಮತ್ತೊಂದು ಮಾತು: ಪ್ರತಿ ಕ್ರಿಸ್‌ಮಸ್‌ಗೂ ನಾನು ಕಳಿಸುತ್ತಿದ್ದ ಉಣ್ಣೆಯ ಕಾಲುಚೀಲಗಳನ್ನು ನೆನೆದು ಡೀಲಿಯಾ ನನ್ನ ಕೈ ಒತ್ತಿದಳು. ಒಂದು ವರ್ಷವೂ ತಪ್ಪಲಿಲ್ಲವಂತೆ. ನಾನು ಒಂದು ಎಳೆ ನೂಲನ್ನೂ ಕಳಿಸಿದವಳಲ್ಲ, ನಿಮಗೆ ಗೊತ್ತಲ್ಲ. ಅಳತೆ ಸರಿಯಾಗಿತ್ತೇ ಎಂದಷ್ಟೇ ಕೇಳಿದೆ.