ಬಣ್ಣ ಹಚ್ಚಿದ ಸ್ಕ್ರೂ

ಅಪ್ಪಾ,

ಇವತ್ತು ಅವ್ವ ನಿನ್ನ ಬೈಕನ್ನು ಯಲಬುರ್ಗಾದ ಗೋಣೆಪ್ಪ ಕಾಕಾನ ಗ್ಯಾರೇಜಿಗೆ ತರಿಸಿದಳು. ನಾನು ಅದರಲ್ಲೇ ಕಾಲೇಜಿಗೆ ಹೋಗಬೇಕಂತೆ. ಎರಡು ವರ್ಷದ ಹಿಂದೆ ಬೇವೂರು ರಸ್ತೆಯಲ್ಲಿ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡಲು ಹೋಗಿ ನೀನು ಬಿದ್ದೆ, ಮತ್ತೆ ಏಳಲಿಲ್ಲ. ಬೈಕಿನಲ್ಲಿ ಒಡೆದದ್ದು ಒಂದು ಇಂಡಿಕೇಟರ್ ಮಾತ್ರ.

ರೇಸ್ ಕೊಟ್ಟರೆ ಗಾಡಿ ಈಗಲೂ ಒಂದು ಕ್ಷಣ ತಡೆದು, ಆಮೇಲೆ ಮುಂದಕ್ಕೆ ಹಾರುತ್ತದೆ. ಕಾಕಾ ಪೆಟ್ರೋಲ್ ಬದಲಿಸಿದರು, ಪ್ಲಗ್ ನೋಡಿದರು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದರು. ಕೊನೆಗೆ ಅದರ ಮೇಲೆ ಬೆರಳಿಟ್ಟು ತೋರಿಸಿದರು. "ಈ ಸ್ಕ್ರೂ ತಿರುವಬಾರ್ದಂತ ಕಂಪನಿಯವ್ರು ಬಣ್ಣ ಹಚ್ಚಿ ಕಳಸಿರ್ತಾರ. ಯಾವನೋ ಶ್ಯಾಣ್ಯಾ ತಿರುವ್ಯಾನ. ಸೆನ್ಸಾರ್ ಲೆಕ್ಕ ತಪ್ಪೈತಿ, ಅದಕ್ಕ ರೇಸ್ ಕೊಟ್ರ ತಡೀತೈತಿ."

ಗಾಡಿ ನಿಂತಲ್ಲೇ ಬಂದ್ ಆಗುತ್ತದೆಂದು, ನೀನು ಬೀಳುವ ಮುಂಚಿನ ದಸರಾ ರಜೆಗೆ ಹಾಸ್ಟೆಲಿನಿಂದ ಬಂದಾಗ ವಿಡಿಯೊ ನೋಡಿ ಅದನ್ನು ತಿರುವಿದವನು ನಾನು. ಮರುವಾರ ನೀನು ಫೋನಿನಲ್ಲಿ, "ರೇಸ್ ಕೊಟ್ರ ಗಾಡಿ ಏಳವಲ್ದು, ತಮ್ಮಾ" ಅಂದೆ. "ಪೆಟ್ರೋಲ್ ಸರಿ ಇಲ್ಲೇನೋ, ನಂಗ ಎಕ್ಸಾಂ ಐತಿ" ಎಂದು ಫೋನಿಟ್ಟೆ.

"ಯಾರು ಮುಟ್ಟಿದ್ರೋ?" ಕಾಕಾ ಕೇಳಿದರು.

"ಗೊತ್ತಿಲ್ರಿ" ಎಂದೆ.

ಅವ್ವ ಹೆಮ್ಮೆಯಿಂದ ಹೇಳಿದಳು: "ಬ್ಯಾರೆ ಯಾರೂ ಮುಟ್ಟಿಲ್ರಿ ಅಣ್ಣಾರ. ನಮ್ಮ ಮಗಾನ ರಿಪೇರಿ ಮಾಡಿದ್ದ. ಅವರಪ್ಪ ಊರೆಲ್ಲ ಹೇಳ್ಕೊಂಡು ಬಂದಿದ್ರು."

ಕಾಕಾ ನನ್ನನ್ನೇ ನೋಡಿದರು. ಪಾನಾ ಒರೆಸುತ್ತ, "ಗಾಡಿ ಸಂಜೀಕ ಸಿಗತೈತಿ. ನೀ ಒಬ್ಬನ ಬಾ" ಎಂದರು.

ಈಗ ಐದೂವರೆ. ಅವ್ವ ಹೊಸ ಹೆಲ್ಮೆಟ್ ಹಿಡಿದು ಮನೆ ಬಾಗಿಲಲ್ಲಿ ನಿಂತಿದ್ದಾಳೆ.