ಕಣದ ಪೆಟ್ಟಿಗೆ ಒಲೆ ಪಕ್ಕ ಇಟ್ಟಿದ್ದು

ಆಲ್ದೂರು ಹತ್ರದ ಎಸ್ಟೇಟು, ಗುರುವಾರ

ಅಕ್ಕಾ, ಕಾರ್ಡು ನೋಡಿ ಗಾಬರಿಯಾಗ್ಬೇಡ, ಹುಷಾರಾಗಿದ್ದೀನಿ. ಕೆಮ್ಮೂ ಕಮ್ಮಿ.

ಇಲ್ಲಿ ಕಾಫಿ ಒಣಗಿಸೋ ಕಣದಲ್ಲಿ ಕಂಪನಿಯವರು ಒಂದು ಕಂಬಕ್ಕೆ ಪೆಟ್ಟಿಗೆ ಕಟ್ಟಿದ್ದಾರೆ. ಬಿಸಿಲೆಷ್ಟು, ತೇವ ಎಷ್ಟು ಅಂತ ಅದೇ ಅಳೆದು ಬೆಂಗಳೂರಿನ ಆಫೀಸಿಗೆ ತಿಳಿಸುತ್ತೆ. ಮೊನ್ನೆ ಮೋಡ ಕಟ್ಟಿತು. ನೆನೆದು ಹಾಳಾದ್ರೆ ನನ್ನ ತಲೆಗೇ ಬರುತ್ತೆ ಅಂತ ಹೆದರಿ, ಬಿಚ್ಚಿ ತಂದು ಒಲೆ ಪಕ್ಕ ಇಟ್ಟೆ. ಆಫೀಸಿಂದ ಫೋನು: “ಕಣಕ್ಕೆ ಬೆಂಕಿ ಬಿತ್ತಾ?”

ಮೇಸ್ತ್ರಿ ಬಾಲರಾಜಣ್ಣ, “ನೆನೆಯೋದೇ ಅದರ ಕೆಲಸ ಮಾರಾಯ್ತಿ! ಇನ್ನೊಂದ್ಸಲ ಮುಟ್ಟಿದ್ರೆ ಸಂಸೆ ಬಸ್ಸು ಹತ್ತಿಸಿ ನಿಮ್ಮೂರಿಗೆ ಕಳಿಸ್ತೀನಿ” ಅಂದ್ರು.

ನಾನು ಹತ್ತೋದಿಲ್ಲ. ಈ ಕೆಲಸ ಬಿಡೋದಿಲ್ಲ.

ಈಗ ಮತ್ತೆ ಮಳೆ. ಕಾಫಿಗೆ ಟಾರ್ಪಾಲು ಹೊದಿಸಿ ಆಯ್ತು. ಪೆಟ್ಟಿಗೆ ಎದುರಿಗೇ ನೆನೀತಿದೆ. ಕೈ ಸುಮ್ಮನಿರಲಿ ಅಂತಲೇ ಈ ಕಾರ್ಡು ಬರೀತಿದ್ದೀನಿ.

ಸುಕನ್ಯಾ