ಎಡಗಡೆಯ ತುಣುಕು

ವೆಸ್ಟ್ ಮಾಂಬಲಂ, ಚೆನ್ನೈ
೧೨ ಜೂನ್ ೨೦೨೫

ಪ್ರೀತಿಯ ಉಮಕ್ಕಾ,

ಬಾಣಂತನಕ್ಕೆ ಇಲ್ಲಿಗೆ ಬರಬೇಡ, ಮನೆ ರಿಪೇರಿ ನಡೆದಿದೆ ಎಂದು ಹೇಳಿದ್ದು ಸುಳ್ಳು. ಮನೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ನೀನು ಹೇಗಿದ್ದೀ? ಪಾಪುವಿಗೆ ಐದು ತಿಂಗಳು ತುಂಬಿತಲ್ಲ, ಬೋರಲು ಬೀಳುತ್ತಿರಬೇಕು. ತವರಿನವರು ಕೈಬಿಟ್ಟರು ಎಂದು ನೀನು ಅತ್ತಿದ್ದನ್ನು ಭಾವ ಹೇಳಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಮ್ಮನ ಕುತ್ತಿಗೆಯಲ್ಲಿ ಗಂಟು ಇತ್ತು. "ಶಿವದಾರ ಒತ್ತಿ ಊದೈತಿ, ಉದ್ದ ಮಾಡಿಕೊಂಡ್ರಾತು ಬಿಡೋ" ಎನ್ನುತ್ತಾ ಲಿಂಗದ ದಾರವನ್ನು ಮೂರು ಸಲ ಉದ್ದ ಮಾಡಿಕೊಂಡಳು. ಅದು ಥೈರಾಯ್ಡ್ ಕ್ಯಾನ್ಸರ್. ನಿನ್ನ ಹೆರಿಗೆಯ ವಾರವೇ ಗ್ರಂಥಿಯನ್ನು ಪೂರ್ತಿ ತೆಗೆದರು. "ಬಾಣಂತಿ ಕಿವಿಗೆ ಕೆಟ್ಟ ಸುದ್ದಿ ಹಾಕಬಾರ್ದು, ಹಾಲು ಬತ್ತತೈತಿ" ಎಂದು ಅಪ್ಪ ನನ್ನಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಅಮ್ಮ ಈಗ ಚೆನ್ನಾಗಿದ್ದಾಳೆ. ದನಿ ಸ್ವಲ್ಪ ಒಡಕು, ನನ್ನನ್ನು ಬೈಯಲು ಸಾಕಾಗುತ್ತದೆ.

ಹತ್ತನೇ ತರಗತಿಗೇ ಶಾಲೆ ಬಿಟ್ಟವನಾದರೂ ಲ್ಯಾಬಿನ ಡಾಕ್ಟರ್ ಕೋಮಲಾ ಅವರನ್ನು ಅರ್ಥವಾಗುವವರೆಗೂ ನಾನು ಬಿಡಲಿಲ್ಲ. "ಏನು ತಂಬಿ, ಎಕ್ಸಾಮ್ ಬರೀಬೇಕಾ?" ಎಂದು ನಕ್ಕು ಸೂಕ್ಷ್ಮದರ್ಶಕದಲ್ಲಿ ತೋರಿಸಿಯೇ ಬಿಟ್ಟರು. ಈ ಬಗೆಯ ಕ್ಯಾನ್ಸರ್ ತಾನಾಗಿ ಬಂದದ್ದಾದರೆ ಸಾಮಾನ್ಯವಾಗಿ ಒಂದೇ ಕಡೆ ಒಂದು ಗಡ್ಡೆ ಇರುತ್ತದಂತೆ. ಅಮ್ಮನ ಗಂಟು ಇದ್ದದ್ದು ಬಲಗಡೆ. ಆದರೆ ಬರಿಗಣ್ಣಿಗೆ ಆರೋಗ್ಯವಾಗಿಯೇ ಕಂಡ, ಗ್ರಂಥಿಯ ಎಡಗಡೆಯ ತುಣುಕಿನಲ್ಲೂ ಎರಡು ಪುಟ್ಟ ಗಡ್ಡೆಗಳು, ಸುತ್ತ ಅದೇ ಜಾತಿಯ ಜೀವಕೋಶಗಳು ಅಲ್ಲಲ್ಲಿ ಗುಂಪುಗೂಡಿದ್ದವು. ಹಾಗಿದ್ದರೆ ವಂಶದಿಂದ ಬಂದಿರಬಹುದೆಂಬ ಅನುಮಾನ. ಅಮ್ಮನ ರಕ್ತಪರೀಕ್ಷೆ ಅದನ್ನು ಖಚಿತ ಮಾಡಿತು. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕಾ, ನೀನು ರಕ್ತ ಕೊಡಬೇಕು. ನಿನಗಿಲ್ಲದಿದ್ದರೆ ಅದು ಪಾಪುವಿಗೆ ಹೋಗಿರುವುದಿಲ್ಲ. ಇದ್ದರೆ ಅವಳಿಗೂ ಪರೀಕ್ಷೆ. ಬೇಗ ಗೊತ್ತಾದರೆ ಗಡ್ಡೆ ಹುಟ್ಟುವ ಮೊದಲೇ ಗ್ರಂಥಿ ತೆಗೆಯಬಹುದಂತೆ. ಅಪ್ಪ ಮಾತ್ರ "ಕೂಸು ಅನ್ನ ಉಣ್ಣಲಿ, ಆಮೇಲೆ ಹೇಳೋಣು" ಎನ್ನುತ್ತಾರೆ. ನಾನು ಆಣೆ ಮುರಿದೆ.

ಫೋನಿನಲ್ಲಾದರೆ ನೀನು ಅಳುತ್ತೀ, ನಾನು ಮಾತು ಬದಲಿಸುತ್ತೇನೆ. ಅದಕ್ಕೇ ಕಾಗದ. ಕೋಯಂಬೇಡಿನ ನಮ್ಮ ಅಂಗಡಿಗೆ ಈರುಳ್ಳಿ ಇಳಿಸಿ ಇವತ್ತೇ ದಾವಣಗೆರೆಗೆ ಮರಳುವ ಲಾರಿಯ ಸುಬ್ರಾಯಣ್ಣ ಇದನ್ನು ತಂದುಕೊಡುತ್ತಾನೆ. ಅವನಿಗೆ ಚಹಾ ಕೊಡು. ಭಾವನಿಗೆ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಮ್ಮ,
ಶಿವಕಿರಣ್

ತಾ.ಕ.: ನಾನೂ ರಕ್ತ ಕೊಟ್ಟಿದ್ದೆ. ಫಲಿತಾಂಶ ನಿನ್ನೆ ಬಂತು. ಅಮ್ಮನಿಂದ ಅದು ನನಗೂ ಬಂದಿದೆ. ಮೊದಲು ನಿನಗೆ ಬರೆದೆ, ಮನೆಯಲ್ಲಿ ಇವತ್ತು ಊಟಕ್ಕೆ ಕುಳಿತಾಗ ಹೇಳುತ್ತೇನೆ. ಮುಂದಿನ ತಿಂಗಳು ಆಪರೇಷನ್. ಅದಕ್ಕೆ ಮೊದಲು ನಿನ್ನನ್ನು ಪರೀಕ್ಷೆಗೆ ನಾನೇ ಕರೆದೊಯ್ಯಬೇಕು. ನಾಳೆ ಸಂಜೆಯ ಬಸ್ಸಿಗೆ ಹೊರಡುತ್ತೇನೆ.